ನಡುತೊಲೆಗೆ ಹತ್ತಿದ ಗೆದ್ದಲು

ಪ್ಲೇಗಿಗೆ ಹೆದರಿ ಊರು ಬಿಟ್ಟು ಹೊಲದ ಗುಡಿಸಲಿಗೆ ಹೋಗುವಾಗ ನಾವು ಗಂಡ ಹೆಂಡತಿ ಇಬ್ಬರಿದ್ದೆವು. ಮರಳಿ ಬರುವಾಗ ನಾನೊಬ್ಬಳೇ ಬಂದೆ. ಬೀಗ ತೆಗೆದು ಬಾಗಿಲು ನೂಕಿದಾಗ ಮೊದಲು ಮೂಗಿಗೆ ಬಡಿದದ್ದು ಹಸಿಮಣ್ಣಿನ ವಾಸನೆ. ಮಳೆ ನಿಂತು ಎಷ್ಟೋ ವಾರಗಳಾಗಿದ್ದವು. ಮುಚ್ಚಿದ ಮನೆಯೊಳಗೆ ಹಸಿಮಣ್ಣು ಎಲ್ಲಿಂದ ಬಂತು ಎಂದು ಯೋಚಿಸುವ ಸ್ಥಿತಿಯಲ್ಲಿ ನಾನು ಆಗ ಇರಲಿಲ್ಲ.

ನಮ್ಮದು ಚಳ್ಳಕೆರೆಯಿಂದ ನನ್ನಿವಾಳದ ಕಡೆಗೆ ಹೋಗುವ ಗಾಡಿಜಾಡಿನಿಂದ ಸ್ವಲ್ಪ ಒಳಗೆ ಸರಿದ ಸಣ್ಣ ಹಳ್ಳಿ. ಆ ವರ್ಷ ಮುಂಗಾರಿನ ಹೊತ್ತಿಗೆ ಮನೆಗಳಲ್ಲಿ ಇಲಿ ಬೀಳತೊಡಗಿದವು. ಇಲಿ ಬಿದ್ದ ಮೇಲೆ ಊರಿನಲ್ಲಿ ನಿಲ್ಲಬಾರದೆಂದು ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಬೀಗ ಹಾಕಿ ತಂತಮ್ಮ ಹೊಲಗಳಲ್ಲಿ ಜೋಳದ ದಂಟಿನ ಗುಡಿಸಲು ಕಟ್ಟಿಕೊಂಡರು. ನಮ್ಮ ಯಜಮಾನರು ಮಾತ್ರ ಬಿತ್ತುವ ಕೂರಿಗೆ ಮನೆಯಲ್ಲೇ ಉಳಿಯಿತೆಂದು ಒಮ್ಮೆ ಊರೊಳಗೆ ಹೋಗಿಬಂದರು. ಆ ವಾರವೇ ಜ್ವರ ಬಂತು, ತೊಡೆಸಂದಿಯಲ್ಲಿ ಗಂಟು ಕಟ್ಟಿತು. ಹೊಲದ ಬದುವಿನ ಪಕ್ಕದಲ್ಲೇ ಮಣ್ಣು ಮಾಡಿದರು. ನನಗಾಗ ಇನ್ನೂ ಇಪ್ಪತ್ತು ದಾಟಿರಲಿಲ್ಲ. ಮಕ್ಕಳಾಗಿರಲಿಲ್ಲ.

ಬೆಳೆ ಕೊಯ್ದ ಮೇಲೆ ಊರು ಮತ್ತೆ ತುಂಬಿತು. ನನ್ನ ತಂದೆ ಬಿ.ಜಿ. ಕೆರೆಯಿಂದ ಗಾಡಿ ಕಟ್ಟಿಕೊಂಡು ಬಂದಿದ್ದರು. ಅಲ್ಲಿ ಅವರು ಕೂಲಿಮಠ ನಡೆಸುತ್ತಿದ್ದರು; ಈ ನಾಲ್ಕು ಅಕ್ಷರ ನಾನು ಕಲಿತದ್ದೂ ಅವರಿಂದಲೇ.

"ಒಬ್ಬಾಕೇ ಇಲ್ಲೇನ್ ಮಾಡ್ತೀಯ ಮಗಳೇ? ಗಾಡಿ ಹತ್ತು" ಅಂದರು.

"ಮನೆ ಐತಲ್ಲಪ್ಪ" ಅಂದೆ.

ಅವರು ಎತ್ತಿಗೆ ನೀರು ಕುಡಿಸಿ, ಒಂದು ಚೀಲ ನವಣೆ ಇಳಿಸಿ ಹೊರಟುಹೋದರು. ನನಗೆ ಉಳಿದದ್ದು ಆ ಮನೆಯೊಂದೇ, ಅದೂ ಅರ್ಧ.

ಅರ್ಧ ಹೇಗೆಂದರೆ, ಅದು ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಮನೆ. ನಮ್ಮ ಸೀಮೆಯ ಎಲ್ಲ ಮನೆಗಳಂತೆ ಮಣ್ಣಿನ ಗೋಡೆ, ಮೇಲೆ ಮಾಳಿಗೆ. ಗೋಡೆಯಿಂದ ಗೋಡೆಗೆ ಒಂದು ದಪ್ಪ ತೊಲೆ, ಅದರ ಮೇಲೆ ಅಡ್ಡಕ್ಕೆ ಜಂತೆಗಳು, ಜಂತೆಯ ಮೇಲೆ ಕಟ್ಟಿಗೆ ಸೊಪ್ಪು, ಅದರ ಮೇಲೆ ಮೊಳದಷ್ಟು ದಪ್ಪಕ್ಕೆ ಕರ್ಲು, ಅಂದರೆ ಚೌಳುಮಣ್ಣು. ಮಳೆ ಇಳಿಯದಂತೆ ವರ್ಷಕ್ಕೊಮ್ಮೆ ಮತ್ತಷ್ಟು ಮಣ್ಣು ಹಾಕುತ್ತಾರೆ. ಹಾಗಾಗಿ ಭಾರ ಏರುತ್ತಲೇ ಹೋಗುತ್ತದೆ. ನಡುಗೋಡೆಯಲ್ಲಿ ಹಿಂದೆ ಒಂದು ಬಾಗಿಲಿತ್ತು. ನನ್ನ ಗಂಡನಿಗೂ ಅವರ ಅಣ್ಣನಿಗೂ ಜಗಳ ಬಿದ್ದಾಗ ಆ ಬಾಗಿಲನ್ನು ಮಣ್ಣಿನಿಂದ ಮುಚ್ಚಿ, ಮೂಡಣ ಅರ್ಧ ಅವರಿಗೆ, ಪಡುವಣ ಅರ್ಧ ನಮಗೆ ಎಂದಾಯಿತು. ಜಗಳ ಯಾವುದರಿಂದ ಶುರುವಾಯಿತೆಂದು ಈಗ ಕೇಳಿದರೆ ಹೇಳಲಾರೆ. ಒಂದು ಜೊತೆ ಎತ್ತಿನಿಂದ ಇರಬೇಕು. ಬಾಗಿಲು ಮುಚ್ಚಿದಾಗ ನಾನು ತವರಿನಲ್ಲಿದ್ದೆ. ಬಂದು ನೋಡುವಷ್ಟರಲ್ಲಿ ಸಾರಿಸಿ, ಸುಣ್ಣ ಬಳಿದಾಗಿತ್ತು. ಮನೆ ಇಬ್ಭಾಗವಾಗಿದ್ದರೂ ಮೇಲಿನ ನಡುತೊಲೆ ಮಾತ್ರ ಒಂದೇ. ಅದು ಅವರ ಕಡೆಯಿಂದ ಹೊರಟು, ನಡುಗೋಡೆಯ ಮೇಲೆ ಹಾದು, ನಮ್ಮ ಕಡೆಗೆ ಬಂದಿತ್ತು.

ಬಂದ ಮರುದಿನ ನಮ್ಮ ಯಜಮಾನರ ಬಟ್ಟೆಯ ಪೆಟ್ಟಿಗೆ ತೆಗೆದೆ. ನಡುಗೋಡೆಗೆ ಒತ್ತಿಟ್ಟಿದ್ದ ಮರದ ಪೆಟ್ಟಿಗೆ. ಎತ್ತಲು ಹೋದರೆ ಮೇಲ್ಭಾಗ ಕೈಗೆ ಬಂತು, ತಳ ನೆಲದಲ್ಲೇ ಉಳಿಯಿತು. ಒಳಗೆ ಅವರ ರುಮಾಲು ನಾನು ಮಡಿಸಿಟ್ಟ ಹಾಗೆಯೇ ಕಾಣುತ್ತಿತ್ತು. ಮುಟ್ಟಿದೆ. ಮೇಲಿನ ಒಂದು ಪದರ ಬಟ್ಟೆ, ಕೆಳಗೆಲ್ಲ ಮಣ್ಣು. ಪಂಚೆ, ಅಂಗಿ, ಮದುವೆಯಲ್ಲಿ ಹೊದ್ದ ಶಲ್ಯ ಎಲ್ಲವೂ ಹಾಗೆಯೇ. ಬಿಳಿಯ ಹುಳಗಳು ಬೆಳಕಿಗೆ ಬೆದರಿ ಮಣ್ಣಿನೊಳಕ್ಕೆ ಸರಿದವು. ಗುಡಿಸಲಿನಲ್ಲಿ ಅವರು ಉಟ್ಟಿದ್ದ ಬಟ್ಟೆಯನ್ನು ರೋಗದ ಭಯಕ್ಕೆ ಆಗಲೇ ಸುಟ್ಟಿದ್ದರು. ಹಾಗಾಗಿ ಅವರದೆಂದು ಒಂದು ಎಳೆಯೂ ನನಗೆ ಉಳಿಯಲಿಲ್ಲ. ಸಾವಿನ ದಿನ ಅಷ್ಟು ಅತ್ತಿರಲಿಲ್ಲ. ಆ ಪೆಟ್ಟಿಗೆಯ ಮುಂದೆ ಕೂತು ಅತ್ತೆ.

ಆಮೇಲೆ ಕಣ್ಣು ತೆರೆದು ಮನೆ ನೋಡಿದೆ. ನೆಲದಿಂದ ಗೋಡೆಯ ಮೇಲೆ ಬೆರಳಗಲದ ಮಣ್ಣಿನ ದಾರಿಗಳು ಹರಿದು ಮೇಲಕ್ಕೆ ಹೋಗಿದ್ದವು, ಕೆಲವು ಕಂಬದ ಮೇಲೂ ಇದ್ದವು. ಪೊರಕೆಯಿಂದ ಉದುರಿಸಿದೆ. ಬೆಳಿಗ್ಗೆ ನೋಡಿದರೆ ಅದೇ ಜಾಗದಲ್ಲಿ ಹೊಸದು, ಇನ್ನೂ ಒದ್ದೆ. ಮತ್ತೆ ಉದುರಿಸಿದೆ. ಹೀಗೆ ಚಳಿಗಾಲವೆಲ್ಲ ನಡೆಯಿತು. ಎದುರುಮನೆಯ ಮುದುಕಿ ಬಂದು ನೋಡಿ, "ಹುತ್ತ ಅಂದ್ರೆ ನಾಗಪ್ಪನ ಮನಿ ಕಣವ್ವ. ಪೊರಕೆ ಮುಟ್ಟಿಸಬ್ಯಾಡ" ಎಂದು ಬೈದಳು. ಅವಳ ಮಾತು ಕೇಳಿ ಅರಿಸಿನ ಕುಂಕುಮ ಹಚ್ಚಿ ಕೈಮುಗಿದೆ. ಕುಂಕುಮದ ಮೇಲೆಯೇ ಹೊಸ ಮಣ್ಣು ಬಂತು. ಸುಣ್ಣದ ನೀರು ಎರಚಿದೆ. ಚಳ್ಳಕೆರೆಯ ಸಂತೆಯಿಂದ ಸೀಮೆಎಣ್ಣೆ ತರಿಸಿ ಸುರಿದೆ. ಅದರ ವಾಸನೆ ಇರುವತನಕ ಸುಮ್ಮನಿದ್ದು, ಹೋದ ಮೇಲೆ ಪಕ್ಕದಲ್ಲಿ ಬೇರೆ ದಾರಿ ಕಟ್ಟಿದವು.

ಆ ದಿನಗಳಲ್ಲಿ ನಾನು ಮಾತಾಡುತ್ತಿದ್ದದ್ದು ಬಹಳ ಕಡಿಮೆ. ಬಾವಿಯ ಹತ್ತಿರ ಹೆಂಗಸರು ನನ್ನನ್ನು ನೋಡಿ ದನಿ ತಗ್ಗಿಸುತ್ತಿದ್ದರು. ಮನೆಗೆ ಬಂದರೆ ನಡುಗೋಡೆಯ ಆಚೆಯಿಂದ ಓರಗಿತ್ತಿ ಬೀಸುವ ಕಲ್ಲಿನ ಸದ್ದು, ಅವಳ ಮಕ್ಕಳ ಜಗಳ, ಭಾವನವರ ಕೆಮ್ಮು ಕೇಳಿಸುತ್ತಿತ್ತು. ಅವರು ನಕ್ಕರೆ ನಾನು ಕುಟ್ಟುವುದನ್ನು ನಿಲ್ಲಿಸಿ ಕೇಳುತ್ತಿದ್ದೆ. ಯಾಕೆ ನಕ್ಕರೆಂದು ಗೊತ್ತಾಗುತ್ತಿರಲಿಲ್ಲ. ಮಧ್ಯಾಹ್ನ ಎಲ್ಲರೂ ಹೊಲಕ್ಕೆ ಹೋದಾಗ ಕಂಬಕ್ಕೆ ಕಿವಿಯಿಟ್ಟರೆ ಬೇರೊಂದು ಸದ್ದು ಇತ್ತು. ಒಣ ಎಲೆಯ ಮೇಲೆ ತುಂತುರು ಬಿದ್ದ ಹಾಗೆ, ಸಣ್ಣಗೆ, ಬಿಡದೆ.

ಬೇಸಿಗೆಯಲ್ಲಿ ಊರಿಗೆ ಒಬ್ಬ ಬಡಗಿ ಬಂದ. ಮೊಳಕಾಲ್ಮೂರಿನ ಕಡೆಯವನು. ಅಲ್ಲಿ ರೇಷ್ಮೆ ನೇಯುವವರ ಮಗ್ಗ ಮಾಡುವುದು ಅವನ ಕಸುಬು. ಬಿತ್ತನೆಗೆ ಮುಂಚೆ ಕೂರಿಗೆ, ಗಾಡಿ ರಿಪೇರಿಗೆಂದು ನಮ್ಮ ಕಡೆ ಸುತ್ತುತ್ತಿದ್ದ. ಮನೆಮಾತು ತೆಲುಗು. ಕರೆದು ಒಳಗೆ ತೋರಿಸಿದೆ.

"ಅಯ್ಯೋ, ಚೆದಲು ಹತ್ತೈತಮ್ಮಾ" ಅಂದ. ಗೆದ್ದಲಿಗೆ ತೆಲುಗಿನಲ್ಲಿ ಹಾಗನ್ನುತ್ತಾರೆ. ಬಾಚಿಯ ಹಿಂಭಾಗದಿಂದ ಒಂದೊಂದೇ ಕಂಬವನ್ನು ಬಡಿಯುತ್ತ ಹೋದ. ಕೆಲವು ಟಣ್ ಎಂದವು. ಏಣಿ ಹತ್ತಿ ನಡುತೊಲೆಯನ್ನು ಬಡಿದ. ನಡುಗೋಡೆಯಿಂದ ದೂರಕ್ಕೆ ಟಣ್ ಎಂದದ್ದು ಗೋಡೆಯ ಹತ್ತಿರ ಬರುತ್ತ ಬರುತ್ತ ಡೊಳ್ಳಿನಂತೆ ಬೊದಬೊದ ಎಂದಿತು. ಉಳಿಯ ಮೊನೆ ಒತ್ತಿದ. ಮಣ್ಣಿಗೆ ಇಳಿದಂತೆ ಇಳಿಯಿತು.

"ಮೇಲೆ ಚರ್ಮ ಐತೆ, ಒಳಗೇನೂ ಲೇದು" ಅಂದ. "ಸೀಮೆಎಣ್ಣೆ ಹಾಕಿದ್ರೆ ಕಣ್ಣಿಗೆ ಕಾಣೋವು ಸಾಯ್ತವೆ. ಮನೆ ತಿನ್ನೋವು ಕಾಣಲ್ಲಮ್ಮಾ. ಅವಕ್ಕೆ ಹಸಿ ಬೇಕು. ಎಲ್ಲಿಂದಲೋ ನೀರು ಬರ್ತೈತೆ, ಅಲ್ಲೇ ಅವುಗಳ ಗೂಡು."

ಹಿತ್ತಲಿನ ಮೇವಿನ ಬಣವೆಯ ಕೆಳಗೇ ಗೂಡು ಇರಬೇಕೆಂದು ಅವನು ಖಂಡಿತವಾಗಿ ಹೇಳಿದ. ಬಣವೆ ಸರಿಸಿ ಅಗೆದ. ಚೇಳು ಸಿಕ್ಕವು, ಗೂಡು ಸಿಗಲಿಲ್ಲ. ಅವನ ಮುಖ ಸಣ್ಣದಾಯಿತು. ತೊಲೆಯ ಕೆಳಗೆ ಒಂದು ಊರೆಗಂಬ ಕೊಟ್ಟು, "ಮಳೆಗಾಲಕ್ಕೆ ಮುಂಚೆ ತೊಲೆ ಬದಲಾಯಿಸ್ಲೇಬೇಕು. ಮಾಳಿಗೆ ನೆನೆದು ಭಾರ ಆದ್ರೆ ನಿಲ್ಲಲ್ಲ. ಆಚೆ ಮನೆಯವರಿಗೂ ಹೇಳು. ಒಬ್ಬರ ಕಡೆ ತೆಗೆಯೋಕೆ ಇದು ರೊಟ್ಟಿ ಅಲ್ಲ" ಎಂದು ಹೇಳಿ ಹೋದ.

ಹೇಳುವುದೆಂದರೆ ಹೇಗೆ? ಪಾಲಾದಾಗಿನಿಂದ ಆ ಬಾಗಿಲಿಗೆ ನಾನು ಹೋಗಿರಲಿಲ್ಲ. ಮಣ್ಣಿನ ದಿನ ಭಾವನವರು ಬಂದು ಹಿಡಿಮಣ್ಣು ಹಾಕಿ, ಯಾರ ಜೊತೆಗೂ ಮಾತಾಡದೆ ಹೋಗಿದ್ದರು. ಅದಲ್ಲದೆ ಗಂಡನ ಅಣ್ಣನ ಎದುರು ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಏನಿದ್ದರೂ ಓರಗಿತ್ತಿಯ ಮೂಲಕ. ಒಂದು ಸಂಜೆ ಸೆರಗು ಹೊದ್ದು ಹೋದೆ. ಓರಗಿತ್ತಿ ಬಾಗಿಲಲ್ಲೇ ನಿಂತಳು, ಒಳಗೆ ಬಾ ಅನ್ನಲಿಲ್ಲ.

"ಅಕ್ಕ, ನಡುತೊಲೆಗೆ ಗೆದ್ದಲು ಹತ್ತೈತೆ. ನಿಮ್ ಕಡೀನೂ ಒಂದ್ಸಲ ಬಡಿದು ನೋಡ್ರಿ."

ಅವಳು ಹಿಂದಕ್ಕೆ ತಿರುಗಿ ನೋಡಿದಳು. ಒಳಗಿನಿಂದ ಭಾವನವರ ದನಿ ಬಂತು. ನನಗಲ್ಲ, ಅವಳಿಗೆ ಹೇಳಿದ್ದು.

"ನಮ್ ಕಡೆ ಏನೂ ಇಲ್ಲ ಅನ್ನು. ಪಾಲು ಆಗಿದ್ದು ಆಗೋಯ್ತು. ಈಗ ಗೋಡೆ ಬಿಚ್ಚೋ ನೆವ ಬ್ಯಾಡ ಅನ್ನು."

ಓರಗಿತ್ತಿ ನನ್ನ ಮುಖ ನೋಡಿ, "ಕೇಳಿಸ್ತಲ್ಲ" ಅಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ನಾನು ವಾಪಸು ಬಂದು ಒಲೆ ಹಚ್ಚದೆ ಕೂತೆ. ತೊಲೆ ಬಿದ್ದರೆ ಬೀಳಲಿ ಅನ್ನಿಸಿತು. ಆದರೆ ಗೋಡೆಯಾಚೆ ಮಕ್ಕಳು ಮಲಗುತ್ತಿದ್ದದ್ದು ಆ ತೊಲೆಯ ಕೆಳಗೇ ಎಂದು ನೆನಪಾಗಿ, ಬೆಳಿಗ್ಗೆ ಎದ್ದು ನನ್ನ ಕಡೆಯಿಂದಲೇ ಇನ್ನೊಂದು ಊರೆಗಂಬ ನಿಲ್ಲಿಸಿದೆ. ಈ ಸಲ ಬುಡಕ್ಕೆ ಒಂದು ಚಪ್ಪಡಿ ಕಲ್ಲು ಇಟ್ಟೆ. ಮರ ಮಣ್ಣಿಗೆ ತಾಗಿದಲ್ಲೇ ಅವು ಹತ್ತುತ್ತವೆ ಎನ್ನುವುದು ಅಷ್ಟು ಹೊತ್ತಿಗೆ ನೋಡಿ ನೋಡಿ ಗೊತ್ತಾಗಿತ್ತು.

ಮೊದಲ ಮಳೆ ಬಿತ್ತು. ಅದರ ಮರುಸಂಜೆ ದೀಪ ಹಚ್ಚುವ ಹೊತ್ತಿಗೆ ನಡುಗೋಡೆಯಲ್ಲಿ ಏನೋ ಅಲುಗಾಡಿದಂತಾಯಿತು. ಹತ್ತಿರ ಹೋದರೆ ಸುಣ್ಣದ ಮೇಲೆ ಕೂದಲೆಳೆಯಂಥ ಬಿರುಕು, ಆ ಬಿರುಕಿನಿಂದ ಗೆದ್ದಲಿನ ರೆಕ್ಕೆಹುಳಗಳು ಒಂದರ ಹಿಂದೆ ಒಂದು ಹೊರಬರುತ್ತಿದ್ದವು. ಬಿರುಕು ನೆಲದಿಂದ ನೆಟ್ಟಗೆ ಮೇಲೆ ಹೋಗಿ, ನನ್ನ ತಲೆಯಿಂದ ಗೇಣು ಮೇಲೆ ಅಡ್ಡಕ್ಕೆ ತಿರುಗಿ, ಮತ್ತೆ ಕೆಳಕ್ಕೆ ಇಳಿದಿತ್ತು. ಹುಳಗಳೆಲ್ಲ ಆ ಗೆರೆಯ ಉದ್ದಕ್ಕೂ ಸಾಲುಗಟ್ಟಿದ್ದವು. ಮುಚ್ಚಿದ ಬಾಗಿಲಿನ ಆಕಾರ ಗೋಡೆಯ ಮೇಲೆ ತಾನಾಗಿ ಎದ್ದು ನಿಂತಿತ್ತು. ಆಚೆ ಕಡೆಯಿಂದ ಓರಗಿತ್ತಿ ಕಿರುಚಿದ್ದು ಕೇಳಿಸಿತು. ಮಕ್ಕಳು ಅಳುತ್ತಿದ್ದವು. ಸ್ವಲ್ಪ ಹೊತ್ತಿಗೆ ನನ್ನ ಬಾಗಿಲು ಬಡಿದ ಸದ್ದು.

ಓರಗಿತ್ತಿ ಕೈಕೂಸನ್ನು ಎತ್ತಿಕೊಂಡು ನಿಂತಿದ್ದಳು. ಕೂದಲ ತುಂಬ ರೆಕ್ಕೆ. "ನಿನ್ ಕಡೀನೂ ಬಂದ್ವೇನೇ?" ಅಂದಳು. ಒಳಗೆ ಬಂದು ನೋಡಿ ಅಲ್ಲೇ ಕುಸಿದು ಕೂತಳು. ಆ ಬಾಗಿಲು ಮುಚ್ಚಿದ ಮೇಲೆ ಅವಳು ನನ್ನ ಪಾಲಿನ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು.

ಬೆಳಿಗ್ಗೆ ಭಾವನವರು ಹಾರೆ ತಂದರು. ಅವರೇ ಗೋಡೆಗೆ ಹಾರೆ ಹಾಕಿದರು. ಮೇಲಿನ ಮಣ್ಣು ಉದುರಿದ ಕೂಡಲೇ ಒಳಗಿದ್ದದ್ದು ಕಾಣಿಸಿತು. ಬಾಗಿಲು ಮುಚ್ಚುವಾಗ ಕದಗಳನ್ನಷ್ಟೇ ಬಿಚ್ಚಿ, ಚೌಕಟ್ಟನ್ನು ಹಾಗೆಯೇ ಬಿಟ್ಟು ಮಣ್ಣು ತುಂಬಿದ್ದರು. ಚೌಕಟ್ಟು, ಹೊಸ್ತಿಲು ಎರಡೂ ಗೋಡೆಯೊಳಗೇ ಇದ್ದವು. ಇದ್ದವು ಎನ್ನುವುದು ಬರೀ ಮಾತಿಗೆ. ಮರದ ಆಕಾರದಲ್ಲಿ ಮಣ್ಣು ನಿಂತಿತ್ತು. ಹೊಸ್ತಿಲಿಗೆ ಹಚ್ಚಿದ್ದ ಹಳೆಯ ಅರಿಸಿನದ ಒಂದು ಪದರ ಮಾತ್ರ ಸಿಪ್ಪೆಯಂತೆ ಉಳಿದಿತ್ತು. ಹೊಸ್ತಿಲಿನಿಂದ ಚೌಕಟ್ಟಿಗೆ, ಚೌಕಟ್ಟಿನ ತಲೆಯಿಂದ ನಡುತೊಲೆಗೆ, ಬೆಳಕೇ ಕಾಣದ ಹಾದಿ ಸಿಕ್ಕಿತ್ತು ಅವಕ್ಕೆ.

"ಮರ ಒಳಗೆ ಬಿಟ್ಟು ಯಾಕೆ ಮುಚ್ಚಿದ್ರಕ್ಕ?" ಎಂದು ಓರಗಿತ್ತಿಯನ್ನು ಕೇಳಿದೆ.

ಅವಳು ಗಂಡನ ಕಡೆ ನೋಡಿದಳು. ಭಾವನವರು ಹಾರೆಯ ಮೇಲೆ ಕೈಯೂರಿ ನಿಂತಿದ್ದರು. ಮೊದಲ ಬಾರಿಗೆ ನೇರವಾಗಿ ನನಗೆ ಹೇಳಿದರು:

"ನಾನು ಕೀಳೋಣ ಅಂದೆ ಕಣವ್ವ. ಒಳ್ಳೆ ಮರ, ಬ್ಯಾರೆ ಕಡೆ ಹಾಕ್ಕಾಬಹುದು ಅಂದೆ. ಅವನೇ ಬ್ಯಾಡ ಅಂದ. 'ಇರ್ಲಿ ಬಿಡಣ್ಣ, ಯಾವತ್ತಾರ ಬೇಕಾಗ್ತೈತೆ' ಅಂದ."

ಅಷ್ಟು ಹೇಳಿ ಅವರು ಹೊರಗೆ ಹೋಗಿ ಜಗಲಿಯ ಮೇಲೆ ಕೂತರು. ನನ್ನ ಗಂಡ ಅಣ್ಣನ ಮೇಲೆ ಸಿಟ್ಟಿನ ಮಾತಲ್ಲದೆ ಬೇರೆ ಮಾತು ನನ್ನ ಹತ್ತಿರ ಆಡಿದವರಲ್ಲ. ಈ ಒಂದು ಮಾತನ್ನು ಅಣ್ಣನಿಗೆ ಹೇಳಿದ್ದರು, ನನಗೆ ಹೇಳಿರಲಿಲ್ಲ. ಸತ್ತ ಮನುಷ್ಯನ ಬಗ್ಗೆ ಹೊಸದೇನಾದರೂ ಗೊತ್ತಾದರೆ ಅದನ್ನು ಅವರ ಹತ್ತಿರ ಕೇಳಲೂ ಆಗುವುದಿಲ್ಲ, ಜಗಳ ಮಾಡಲೂ ಆಗುವುದಿಲ್ಲ. ಆ ಮಣ್ಣನ್ನು ಬುಟ್ಟಿಗೆ ತುಂಬುತ್ತ ನನ್ನಷ್ಟಕ್ಕೆ ಕೆಲಸ ಮಾಡಿದೆ.

ಹೊಸ್ತಿಲ ಕೆಳಗೆ ಅಗೆದಾಗ ಗೂಡು ಸಿಕ್ಕಿತು. ಬೂದು ಬಣ್ಣದ, ತೂತು ತೂತಾದ, ಹಳಸಿದ ರೊಟ್ಟಿಯ ತುಣುಕುಗಳಂಥವು ಒಂದರ ಮೇಲೊಂದು. ಅವುಗಳ ನಡುವೆ ಗಟ್ಟಿಮಣ್ಣಿನ ಉಂಡೆ ಒಡೆದರೆ ಹೆಬ್ಬೆರಳ ಗಾತ್ರದ ಬಿಳಿಯ ತಾಯಿಹುಳ. ಅಲುಗಾಡಲೂ ಆಗದೆ ಮಿಡಿಯುತ್ತಿತ್ತು. ಓರಗಿತ್ತಿ ಅದನ್ನು ಒಡೆದ ಮಡಕೆಯ ಬೋಕಿಯ ಮೇಲೆ ಎತ್ತಿಕೊಂಡು ಹೋಗಿ ಕೋಳಿಗೆ ಹಾಕಿದಳು. ಗುಂಡಿಯ ಮೂಡಣ ಮಗ್ಗುಲು ಕೆಸರಾಗಿತ್ತು. ಅವರ ಬಚ್ಚಲು ಗೋಡೆಗೆ ಅಂಟಿಕೊಂಡಿತ್ತು. ನೀರು ಹೊರಗೆ ಹರಿಯುವ ಬದಲು ಬುಡಕ್ಕೆ ಇಳಿಯುತ್ತಿತ್ತು.

"ಊರು ಬಿಟ್ಟಾಗ ಬಚ್ಚಲ ಹಂಡೆ ಹಂಗೇ ತುಂಬಿಟ್ಟು ಹೋಗಿದ್ವಲ್ಲ" ಎಂದು ಅವಳು ಮೆಲ್ಲಗೆ ಅಂದಳು. "ಸೋರ್ತಾ ಇತ್ತು."

ಹಂಡೆ ಇರಲಿ ಬಿಡಲಿ, ಮಳೆಯ ನೀರೂ ಅಲ್ಲೇ ಇಳಿಯುತ್ತಿತ್ತು.

ಬಡಗಿಗೆ ಹೇಳಿಕಳುಹಿಸಿದರು. ಅವನು ಜಟಿಂಗ ರಾಮೇಶ್ವರದ ಬೆಟ್ಟದ ತಪ್ಪಲಿನಿಂದ ಕಮರದ ತೊಲೆಯೊಂದನ್ನು ಗೊತ್ತುಮಾಡಿ ಗಾಡಿಯ ಮೇಲೆ ತಂದ. ಕಮರ ಕಬ್ಬಿಣದಂಥ ಮರ. ಕೊಯ್ಯುವಾಗ ಗರಗಸ ಎರಡು ಸಲ ಹರಿತ ಮಾಡಬೇಕಾಯಿತು. ಊರಿನವರು ಮಾಳಿಗೆ ಹತ್ತಿ ಮೇಲಿನ ಮಣ್ಣನ್ನು ಬುಟ್ಟಿಗಳಲ್ಲಿ ಇಳಿಸಿದರು. ಹಳೆಯ ತೊಲೆಯನ್ನು ಇಳಿಸುವಾಗ ಗೋಡೆಯ ಮೇಲಿದ್ದ ಭಾಗದಲ್ಲಿ ಅದು ಎರಡಾಗಿ ಮುರಿಯಿತು, ಸದ್ದೇ ಇಲ್ಲದೆ. ಗುಂಡಿಯನ್ನು ಬಿಸಿಲಿಗೆ ಒಣಗಲು ಬಿಟ್ಟು, ಸುಣ್ಣ ಅರಳಿಸಿ ಬಿಸಿಬಿಸಿಯಾಗಿ ಸುರಿದು, ಆಮೇಲೆ ಕಲ್ಲು ತುಂಬಿದರು. ಉಳಿದ ಕಂಬಗಳ ಬುಡ ಕತ್ತರಿಸಿ ಕಲ್ಲಿನ ದಿಂಡಿನ ಮೇಲೆ ಕೂರಿಸಿದರು. ತೊಲೆ ಜಂತೆಗಳಿಗೆಲ್ಲ ನಾನೂ ಓರಗಿತ್ತಿಯೂ ಹೊಂಗೆ ಎಣ್ಣೆ ಹಚ್ಚಿದೆವು. ಕೈಯ ಕಹಿ ಎಷ್ಟು ತೊಳೆದರೂ ಹೋಗದೆ ಮುದ್ದೆಯೂ ಕಹಿಯಾಯಿತು. ಅವಳು ಅದಕ್ಕೆ ನಕ್ಕಳು, ನಾನೂ ನಕ್ಕೆ. ಬಚ್ಚಲನ್ನು ಹಿತ್ತಲಿನ ಮೂಲೆಗೆ ಸಾಗಿಸಿದರು.

ಆ ಕೆಲಸ ನಡೆದಷ್ಟು ದಿನವೂ ನಡುಗೋಡೆಯಲ್ಲಿ ಬಾಗಿಲಿನಗಲದ ಜಾಗ ತೆರೆದೇ ಇತ್ತು. ಮಕ್ಕಳು ಆಚೆಯಿಂದ ಈಚೆಗೆ ಓಡಾಡಿದವು. ಒಂದೇ ಒಲೆಯಲ್ಲಿ ಅಡಿಗೆಯಾಯಿತು. ಕೈಕೂಸು ನನ್ನ ತೊಡೆಯ ಮೇಲೆ ಮಲಗುವುದನ್ನು ಅಭ್ಯಾಸ ಮಾಡಿಕೊಂಡಿತು. ಯಾರೂ ಮುಂದಿನದನ್ನು ಮಾತಾಡಲಿಲ್ಲ.

ಮಾಳಿಗೆಗೆ ಮತ್ತೆ ಮಣ್ಣು ಹಾಕಿದ ಮೇಲೆ ಭಾವನವರು ಬಂದು ನಿಂತರು.

"ಇದನ್ನೇನು ಮಾಡಾಣ ಅಂತೀಯವ್ವ?"

ಅವರು ಕೇಳಿದ್ದು ನಿಜವಾಗಿಯೇ. ಉತ್ತರಕ್ಕೆ ಕಾದರು ಕೂಡ. ಓರಗಿತ್ತಿ ನೆಲ ನೋಡುತ್ತಿದ್ದಳು. ಅವಳ ಮನಸ್ಸಿನಲ್ಲೇನಿತ್ತೋ. ಅವಳಿಗೂ ಬೆಳೆಯುವ ಹೆಣ್ಣುಮಕ್ಕಳಿದ್ದರು, ಗಂಡ ಸತ್ತವಳ ಮನೆ ಒಳಗಿನಿಂದ ತೆರೆದಿದ್ದರೆ ನಾಳೆ ಜನ ಒಂದು ಮಾತಾಡುತ್ತಿದ್ದರು. ತೆರೆದೇ ಇರಲಿ ಎಂದು ನನ್ನ ಬಾಯಿಂದ ಬರಬೇಕಿತ್ತು, ಬರಲಿಲ್ಲ.

"ನಿಮಗೆ ಸರಿ ಕಂಡಂಗೆ ಮಾಡ್ರಿ" ಅಂದೆ.

"ಕಲ್ಲಲ್ಲಿ ಕಟ್ಟಿಸ್ತೀನಿ" ಅಂದರು. "ಇನ್ನು ಈ ಕಾಟ ಇರಲ್ಲ."

ಗಚ್ಚು ಹಾಕಿ ಕಲ್ಲಿನಲ್ಲಿ ಬಹಳ ಚೆನ್ನಾಗಿ ಕಟ್ಟಿಸಿದರು. ಒಳಗೆ ಒಂದು ಕಡ್ಡಿ ಮರವನ್ನೂ ಬಿಡಲಿಲ್ಲ. ನಡುಗೋಡೆಯ ಉಳಿದ ಹಳೆಯ ಮಣ್ಣನ್ನೂ ತೆಗೆಸಿ ಕಲ್ಲೇ ಇಟ್ಟರು. ಕೆಲಸ ಮುಗಿದ ದಿನ ಸಂಜೆ ಒಲೆಯ ಮುಂದೆ ಕೂತಾಗ ಗೊತ್ತಾಯಿತು, ಕಲ್ಲಿನ ಗೋಡೆಯಲ್ಲಿ ಸದ್ದು ಹಾಯುವುದಿಲ್ಲ. ಬೀಸುವ ಕಲ್ಲು ಕೇಳಿಸಲಿಲ್ಲ. ಮಕ್ಕಳು ಅಳುತ್ತಿದ್ದವೋ ನಗುತ್ತಿದ್ದವೋ ತಿಳಿಯಲಿಲ್ಲ. ಕಂಬಕ್ಕೆ ಕಿವಿಯಿಟ್ಟೆ, ಅಲ್ಲೂ ಏನೂ ಇರಲಿಲ್ಲ. ಮನೆ ಗಟ್ಟಿಯಾಗಿತ್ತು.

ಆಮೇಲೆ ಅವರು ಬೀದಿಬಾಗಿಲಿನಿಂದ ಬಂದು ಹೋಗುವುದನ್ನು ಇಟ್ಟುಕೊಂಡರು. ಹಬ್ಬಕ್ಕೆ ಕರೆಯುತ್ತಿದ್ದರು, ಹೋಗುತ್ತಿದ್ದೆ. ಹೆಣ್ಣುಮಕ್ಕಳ ಮದುವೆಯಲ್ಲಿ ಅಡಿಗೆಮನೆ ನನ್ನ ಕೈಯಲ್ಲೇ ಇತ್ತು. ಜಗಳವಿರಲಿಲ್ಲ. ಭಾವನವರು ಕೊನೆಯವರೆಗೂ ಮಳೆಗಾಲಕ್ಕೆ ಮುಂಚೆ ನನ್ನ ಮಾಳಿಗೆಗೂ ಮಣ್ಣು ಹಾಕಿಸಿ, ಹಾಕಿಸಿದೆನೆಂದು ಹೇಳದೆ ಹೋಗುತ್ತಿದ್ದರು.

ಊರಿನಲ್ಲಿ ನನಗೆ ಇನ್ನೊಂದು ಕೆಲಸ ಅಂಟಿಕೊಂಡಿತು. ಯಾರ ಮನೆಯ ಗೋಡೆಯಲ್ಲಿ ಮಣ್ಣಿನ ಗೆರೆ ಕಂಡರೂ ನನ್ನನ್ನು ಕರೆಯುತ್ತಿದ್ದರು. ಬಾವಿಯ ಹತ್ತಿರ ದನಿ ತಗ್ಗಿಸುತ್ತಿದ್ದ ಹೆಂಗಸರೇ ಕರೆದರು. ಹೋಗಿ ಕಂಬ ಬಡಿದು ನೋಡುತ್ತಿದ್ದೆ, ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆಂದು ನೋಡುತ್ತಿದ್ದೆ, ಗೋಡೆಗೆ ಒತ್ತಿಟ್ಟ ಸೌದೆಯನ್ನು ಮೊದಲು ಹೊರಗೆ ಹಾಕಿಸುತ್ತಿದ್ದೆ. ಎಲ್ಲ ಮನೆಗಳೂ ಉಳಿಯಲಿಲ್ಲ. ಒಂದು ಕುರಿಗಾರರ ಮನೆಯವರು ಅರ್ಧ ವರ್ಷ ಕುರಿ ಹಿಂದೆ ಹೋಗಿ ಬರುವಷ್ಟರಲ್ಲಿ ಸೂರೇ ಕುಸಿದಿತ್ತು. ಮುಚ್ಚಿದ ಮನೆಗೆ ಗೆದ್ದಲು ಬೇಗ ಹತ್ತುತ್ತದೆ ಎಂದು ಅವರಿಗೆ ಹೇಳುವಾಗ ನನಗೆ ಆ ಬಟ್ಟೆಯ ಪೆಟ್ಟಿಗೆ ನೆನಪಾಯಿತು.

ಮುದಿ ವಯಸ್ಸಿನಲ್ಲಿ ಒಮ್ಮೆ ಬಿ.ಜಿ. ಕೆರೆಯಲ್ಲಿ ತಮ್ಮನ ಮಗಳು ಹೊಸ ಮನೆ ಕಟ್ಟಿಸುವಾಗ ತಳಪಾಯ ತೋರಿಸಲು ಕರೆಸಿಕೊಂಡಳು. ಕಂಬದ ಕಲ್ಲುಗಳನ್ನು ಒಂದೊಂದಾಗಿ ನಾನೇ ನಿಂತು ಇಡಿಸಿದೆ. ಗೃಹಪ್ರವೇಶವಾದ ಮೇಲೆ ಅವಳು ಕೈ ಹಿಡಿದುಕೊಂಡು, "ಇಲ್ಲೇ ಇದ್ದುಬಿಡತ್ತೆ, ಅಲ್ಲಿ ಯಾರವರೆ?" ಅಂದಳು.

ಮನಸ್ಸು ಬಹಳ ಆಯಿತು. ಆದರೆ ಆಕಾಶದಲ್ಲಿ ಮೋಡ ಏರುತ್ತಿತ್ತು, ನಮ್ಮ ಕಡೆ ಮೊದಲ ಮಳೆ ಬೀಳುವ ದಿನಗಳು. ಮನೆಗೆ ಬೀಗ ಹಾಕಿ ಬಂದಿದ್ದೆ. ಮರುದಿನ ಚಳ್ಳಕೆರೆಗೆ ಹೊರಟ ಗಾಡಿಯೊಂದರಲ್ಲಿ ಜಾಗ ಕೇಳಿಕೊಂಡು ಹತ್ತಿದೆ.